ನೀಲಕ್ಕನ ತಾರಸಿ ದಾಟಿದ ನೂಲು

ನಮ್ಮೂರಲ್ಲಿ ಯಾರೂ ಗಾಳಿಪಟ ಹಾರಿಸುವುದಿಲ್ಲ. ಮದುವೆ ಚಪ್ಪರವನ್ನು ಸೂರಿಗಿಂತ ಎತ್ತರಕ್ಕೆ ಎಬ್ಬಿಸುವುದಿಲ್ಲ. ಬಟ್ಟೆ ಒಣಗುವುದು ಹಿತ್ತಲಲ್ಲಿ. ಬೇರೆ ಊರಿನಿಂದ ಸೊಸೆಯಾಗಿ ಬಂದ ನನಗೆ ಇದೆಲ್ಲ ರೂಢಿಯಾಗಲು ಒಂದು ವರ್ಷವೇ ಹಿಡಿಯಿತು. ತಲೆಯೆತ್ತಿದರೆ ತಾರಸಿಯಿಂದ ತಾರಸಿಗೆ ಹಾದುಹೋಗುವ ಕೆಂಪು ನೂಲುಗಳು, ಒಮ್ಮೆ ಐದು, ಒಮ್ಮೆ ಹದಿನೈದು. ಎಲ್ಲವೂ ಗುಡ್ಡದ ಮೇಲಿನ ಮಕ್ಕಳ ಆಸ್ಪತ್ರೆಯಿಂದ ಇಳಿದು ಬಂದವು. ಕಾಗೆಗಳು ಕೂಡ ಅವುಗಳ ಮೇಲೆ ಕೂರುವುದಿಲ್ಲ. ಅವಕ್ಕೆ ಯಾರು ಹೇಳಿಕೊಟ್ಟರೋ ಕಾಣೆ.

ಆಸ್ಪತ್ರೆಯ ಗೇಟಿನೊಳಗೆ ಮನೆಯವರನ್ನು ಬಿಡುವುದಿಲ್ಲ. ಮಗುವನ್ನು ಒಪ್ಪಿಸಲು ಒಮ್ಮೆ ಹತ್ತಬೇಕು, ಕರೆತರಲು ಒಮ್ಮೆ ಹತ್ತಬೇಕು. ನಡುವಿನ ದಿನಗಳಿಗೆ ನೂಲು. ಒಂದು ತುದಿ ಮಗುವಿನ ಮಂಚಕ್ಕೆ, ಇನ್ನೊಂದು ತುದಿ ತಾಯಿಯ ಎಡಗೈಯ ತೋರುಬೆರಳಿಗೆ. ಮಂಚದ ಬಳಿಯ ದಾದಿ ಒಂದು ಸಲ ಜಗ್ಗಿದರೆ ಮಗು ಮಲಗಿದೆ. ಎರಡು ಜಗ್ಗಿದರೆ ಹೊಟ್ಟೆಗೆ ತೆಗೆದುಕೊಂಡಿದೆ. ಮೂರು ಜಗ್ಗಿದರೆ ಡಾಕ್ಟರು ನೋಡಿ ಹೋದರು, ಎಲ್ಲ ಸರಿಯಿದೆ. ಆಪರೇಷನ್ ನಡೆಯುವಷ್ಟು ಹೊತ್ತೂ ನೂಲನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತಾರೆ, ಮುಗಿದ ಮೇಲೆ ಸಡಿಲ ಬಿಡುತ್ತಾರೆ. ಪ್ರತಿ ಸಲವೂ ಈ ಕಡೆಯಿಂದ ತಾಯಿ ಒಂದು ಸಲ ಜಗ್ಗಿ ಉತ್ತರ ಕೊಡಬೇಕು. ಆ ಜಗ್ಗಿಗೆ ಮಂಚದ ತಲೆಯ ಬಳಿ ಒಂದು ಸಣ್ಣ ಗೆಜ್ಜೆ ಅಲ್ಲಾಡುತ್ತದಂತೆ, ಅಮ್ಮ ಇದ್ದಾಳೆ ಅಂತ ಮಗುವಿಗೆ ಗೊತ್ತಾಗುತ್ತದಂತೆ. ಹೊತ್ತು ಮುಳುಗಿದ ಮೇಲೆ ಯಾರೂ ನೂಲು ಮುಟ್ಟುವುದಿಲ್ಲ. ಇನ್ನು ಕೆಲವು ಮಕ್ಕಳು ಚೇತರಿಸಿಕೊಂಡ ಮೇಲೆ ತಾವೇ ಕೈ ಚಾಚಿ ಎಳೆಯುತ್ತವೆ, ಅದಕ್ಕೆ ಎಣಿಕೆಯಿಲ್ಲ. ಊರಿನ ತಾಯಂದಿರೆಲ್ಲ ಕಾಯುವುದು ಆ ಎಣಿಕೆಯಿಲ್ಲದ ಜಗ್ಗಿಗೆ.

ಕೆಟ್ಟ ಸುದ್ದಿಗೆ ಜಗ್ಗು ಇಲ್ಲ. ಅದಕ್ಕೆ ನೂಲಿನ ಸಿದ್ದಪ್ಪ ಬರುತ್ತಾನೆ. ಸಿದ್ದಪ್ಪ ಆಸ್ಪತ್ರೆಯ ಮೇಸ್ತ್ರಿ, ನೂಲು ಎಳೆಯುವವನೂ ಅವನೇ, ಕಿತ್ತರೆ ಹೊಸೆದು ಕೂಡಿಸುವವನೂ ಅವನೇ. ಕೆಲಸಕ್ಕೆ ಬಂದರೆ ಹೆಗಲ ಮೇಲೆ ಏಣಿ ಇರುತ್ತದೆ. ಏಣಿಯಿಲ್ಲದೆ ಬರಿಗೈಯಲ್ಲಿ ಬಂದನೆಂದರೆ ಬೀದಿಯೇ ಉಸಿರು ಹಿಡಿಯುತ್ತದೆ. ಬಂದವನು ನೇರ ತಾಯಿಯ ಬಳಿಗೆ ಹೋಗುವುದಿಲ್ಲ, ಮನೆತನದ ಹಿರಿಯರ ಬಾಗಿಲಿಗೆ ಹೋಗುತ್ತಾನೆ. ಆಮೇಲೆ ಹಿರಿಯರು ಎದ್ದು ತಾಯಿಯ ಬಳಿಗೆ ಬರುತ್ತಾರೆ.

ನೂಲು ಕಟ್ಟಿಕೊಂಡ ಹೆಂಗಸಿನ ಒಂದು ಕೈ ಊರಿಗೆ ಸೇರಿದ್ದಲ್ಲ. ಪಕ್ಕದ ಮನೆಯವರು ತರಕಾರಿ ಹೆಚ್ಚಿ ಕೊಡುತ್ತಾರೆ, ಹಿಟ್ಟು ನಾದಿ ಕೊಡುತ್ತಾರೆ. ಅವಳು ಎದುರು ಸಿಕ್ಕ ಹಿರಿಯರಿಗೆ ಬಲಗೈಯನ್ನು ಎದೆಗಿಟ್ಟರೆ ಸಾಕು, ಎರಡು ಕೈ ಜೋಡಿಸಿ ನಮಸ್ಕರಿಸಲಿ ಎಂದು ಯಾರೂ ಬಯಸುವುದಿಲ್ಲ. ಮಗು ಮನೆಗೆ ಬಂದು ನೂಲು ಬಿಚ್ಚಿದ ಮರುದಿನ ಅವಳು ತನ್ನ ನೂಲು ಹಾದುಹೋದ ಒಂದೊಂದು ಮನೆಯ ತಾರಸಿಗೂ ಹತ್ತಿ ಎರಡೂ ಕೈ ಜೋಡಿಸಿ ಬರುತ್ತಾಳೆ. ಕೈ ಜೋಡಿಸುವ ದಿನ ಅನ್ನುತ್ತೇವೆ ಅದಕ್ಕೆ.

ಆರು ವರ್ಷದ ಹಿಂದೆ ನನ್ನ ಓರಗಿತ್ತಿ ನೀಲಾಂಬಿಕೆ ಎಲ್ಲ ತಾರಸಿಗೂ ಹತ್ತಿದ್ದಳು, ನನ್ನದೊಂದನ್ನು ಬಿಟ್ಟು.

ನೀಲಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ಅತ್ತೆ ಮಾವ ತೀರಿಕೊಂಡ ಮೇಲೆ ಮನೆತನಕ್ಕೆ ಅವಳೇ ಹಿರಿಯಳು, ಯಾಕೆಂದರೆ ಭಾವ ತಿಂಗಳಿಗೆ ಇಪ್ಪತ್ತು ದಿನ ಹೊಲಿಗೆ ಯಂತ್ರ ರಿಪೇರಿಗೆಂದು ಊರೂರು ತಿರುಗುವವರು. ಆಗ ಅವರ ಮನೆ ನಮ್ಮ ಮನೆಗಿಂತ ಕೆಳಗೆ, ಬೀದಿಯ ತುದಿಯಲ್ಲಿತ್ತು. ಅವಳ ಮಗಳು ಸುಗುಣಳಿಗೆ ಮೆದುಳು ಜ್ವರ ಬಂದು ಗುಡ್ಡ ಹತ್ತಿಸಿದಾಗ ನೂಲು ನಮ್ಮ ತಾರಸಿಯ ಮೇಲೆ ಹಾದು ಹೋಗಿತ್ತು. ಒಂದೊಂದು ತಾರಸಿಯ ಮೇಲೂ ನೂಲು ಆತುಕೊಳ್ಳಲು ಒಂದು ಕವೆಗೋಲು ಇರುತ್ತದೆ. ಅದು ಬೀಳದಂತೆ ನೋಡಿಕೊಳ್ಳುವುದು ಆ ಮನೆಯವರ ಜವಾಬ್ದಾರಿ. ಅಷ್ಟೇ ಜವಾಬ್ದಾರಿ. ಕವೆಗೋಲು ಮುಟ್ಟಬಹುದು, ಬೇರೆಯವರ ನೂಲಿಗೆ ಬೆರಳಿಡುವಂತಿಲ್ಲ. ಇನ್ನೊಬ್ಬಳ ಮಗುವಿನ ಸುದ್ದಿ ಅವಳಿಗಿಂತ ಮೊದಲು ತಿಳಿಯುವ ಹಕ್ಕು ಯಾರಿಗಿದೆ?

ನಾನು ಸಂಡಿಗೆ ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುವವಳು. ಬಟ್ಟೆಗೆ ತಾರಸಿ ಇಲ್ಲದಿದ್ದರೂ ಸಂಡಿಗೆಗೆ ಬಿಸಿಲು ಬೇಕಲ್ಲ, ನೆಲಕ್ಕೆ ಹರಡುವುದಕ್ಕೆ ಊರು ಅಡ್ಡಿ ಮಾಡುವುದಿಲ್ಲ. ಅವತ್ತು ಒಂದು ಹಳೆಯ ಸೀರೆಯ ಮೇಲೆ ಸಂಡಿಗೆ ಇಟ್ಟು ಮುಗಿಸುವಷ್ಟರಲ್ಲಿ ಗಾಳಿ ಎದ್ದಿತು, ಸೀರೆಯ ಅಂಚು ಹಾರತೊಡಗಿತು. ಒಂದು ಕಲ್ಲು ತಂದು ಮೂಲೆಗಿಟ್ಟೆ. ಗಾಳಿಗೆ ನಮ್ಮ ಕವೆಗೋಲು ಮಗುಚಿತ್ತು, ಸುಗುಣಳ ನೂಲು ನೆಲಕ್ಕಿಳಿದು ಆ ಮೂಲೆಯ ಕೆಳಗೆ ಹಾದಿತ್ತು. ಅದು ನನಗೆ ಕಂಡಿತ್ತು. ಏಳು ತಿಂಗಳ ಬಸುರಿ ನಾನು, ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು. ಕೆಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು ಕೋಲು ನಿಲ್ಲಿಸಿದರಾಯಿತು ಅಂದುಕೊಂಡೆ. ನೀರು ಕುಡಿದವಳು ಚಾಪೆಯ ಮೇಲೆ ಒರಗಿದೆ. ಎಚ್ಚರವಾದಾಗ ಬಿಸಿಲು ಗೋಡೆಯಿಂದ ಇಳಿದಿತ್ತು.

ಆ ಅರ್ಧ ದಿನ ನೀಲಕ್ಕನ ಬೆರಳಿಗೆ ಒಂದೂ ಜಗ್ಗು ಬರಲಿಲ್ಲ. ಮೇಲಿನಿಂದ ಬಂದದ್ದೆಲ್ಲ ನನ್ನ ಕಲ್ಲಿನ ಕೆಳಗೆ ಸತ್ತುಹೋಯಿತು. ಅಂದು ಸುಗುಣಳ ಜ್ವರ ಇಳಿದಿತ್ತು, ಮೂರು ಮೂರು ಸಲ ಜಗ್ಗಿದ್ದರಂತೆ. ನೀಲಕ್ಕ ಮಾತ್ರ ಬಾಗಿಲಲ್ಲಿ ಕೂತು ಬೀದಿಯನ್ನೇ ನೋಡುತ್ತಿದ್ದಳು, ಸಿದ್ದಪ್ಪ ಬರಿಗೈಯಲ್ಲಿ ಬರುತ್ತಾನೆಂದು.

ಸಿದ್ದಪ್ಪ ನೂಲಿನ ಜಾಡು ಹಿಡಿದು ಬಂದು, ಕಲ್ಲು ಕಂಡು, ಅವಳಿಗೆ ಗೊತ್ತಾದಾಗ ನಾನು, "ಸೀರೆ ಗಾಳಿಗೆ ಹಾರಿ ನೂಲಿನ ಮೇಲೆ ಬಿತ್ತೇನೋ ಅಕ್ಕ, ನನಗೆ ತಿಳೀಲಿಲ್ಲ," ಅಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಎರಡು ತಿಂಗಳಲ್ಲಿ ಮನೆ ಬದಲಿಸಿ ಬೀದಿಯ ಮೇಲ್ಗಡೆಗೆ ಹೋದಳು. ಇನ್ನು ತನ್ನ ಮಗಳ ನೂಲು ನನ್ನ ತಾರಸಿ ದಾಟುವುದು ಬೇಡ ಅಂತ ಎಲ್ಲರೆದುರಿಗೆ ಹೇಳಿಯೇ ಹೋದಳು. ನನ್ನ ಮಗಳು ಮುಕ್ತಾ ಹುಟ್ಟಿದಾಗ ಒಬ್ಬಟ್ಟು ಕಳಿಸಿದಳು, ತಾನು ಬರಲಿಲ್ಲ. ನನಗೆ ಒಳಗೊಳಗೇ ಸಿಟ್ಟಿತ್ತು. ಅವಳ ಮಗಳು ನೆಟ್ಟಗೆ ಮನೆಗೆ ಬಂದಳಲ್ಲ, ಅರ್ಧ ದಿನಕ್ಕೆ ಇಷ್ಟೊಂದು ಹಟವೇ, ಅಂತ. ಹೀಗೆ ಯೋಚಿಸುತ್ತ ಯೋಚಿಸುತ್ತ, ಕಲ್ಲಿಟ್ಟವಳು ನಾನೇ ಎಂಬುದು ನನಗೇ ಅರ್ಧ ಮರೆತು ಹೋಗಿತ್ತು.

ಮುಕ್ತಾಗೆ ಐದು ಮುಗಿದು ಆರು ನಡೆಯುತ್ತಿತ್ತು. ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಎದೆಯೊಳಗೆ ಸಣ್ಣ ತೂತಿದೆ, ಮುಚ್ಚಬೇಕು ಎಂದರು ಡಾಕ್ಟರು. ಗೇಟಿನಲ್ಲಿ ದಾದಿಯ ಕೈಗೆ ಕೊಡುವಾಗ ಮುಕ್ತಾ ಅಳಲಿಲ್ಲ. "ಅಮ್ಮಾ, ಗಟ್ಟಿಯಾಗಿ ಜಗ್ಗು, ಇಲ್ಲಾಂದ್ರೆ ನಂಗೆ ಕೇಳಲ್ಲ," ಅಂದಳು. ನನ್ನ ಗಂಡ ಮಹಾದೇವ ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸುವ ಕೆಲಸದವರು, ದೊಡ್ಡ ದೊಡ್ಡ ಕೈ. ಇಳಿಜಾರಿನುದ್ದಕ್ಕೂ ಆ ಕೈಯಿಂದ ನನ್ನ ಬೆನ್ನು ತಟ್ಟುತ್ತ ಬಂದರು.

ಸಂಜೆ ಸಿದ್ದಪ್ಪ ನೂಲು ಎಳೆದ. ಬೆರಳಿಗೆ ಸುತ್ತುವಾಗ, "ತಾಯಿ, ನಿಮ್ಮ ನೂಲು ಹಸೀನಾಬಿ ಮನೆ, ನೀಲಕ್ಕನ ಮನೆ, ಪದ್ಮರಾಜಯ್ಯ ಮೇಷ್ಟ್ರ ಮನೆ ದಾಟಿ ಬರುತ್ತೆ. ಬೇರೆ ದಾರಿಯಿಲ್ಲ," ಅಂದ. ಅವನಿಗೂ ಎಲ್ಲ ಗೊತ್ತಿತ್ತು.

"ನೀಲಕ್ಕ ಏನಂದಳು?"

"ಏನೂ ಅನ್ನಲಿಲ್ಲ. ಕವೆಗೋಲು ಹುಳ ತಿಂದಿತ್ತು, ಹೊಸದು ನೆಟ್ಟಿದಾರೆ."

ಹೊಸದು ನೆಟ್ಟಿದ್ದು ಯಾಕಿರಬಹುದು ಎಂದು ಎರಡು ದಿನ ಯೋಚಿಸಿದೆ. ಒಳ್ಳೆಯದಕ್ಕೆ ಎಂದು ನಂಬಲು ಮನಸ್ಸು ಒಪ್ಪಲಿಲ್ಲ. ನಾವು ಮಾಡಿದ ತಪ್ಪನ್ನು ಇನ್ನೊಬ್ಬರೂ ಮಾಡಿಯಾರು ಎಂಬ ಭಯದಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಮೂರನೆಯ ದಿನ ಆಪರೇಷನ್. ಬೆಳಗ್ಗೆ ಹತ್ತಕ್ಕೆ ನೂಲು ಬಿಗಿಯಾಯಿತು. ಬೆರಳು ಕಿಟಕಿಯ ಕಡೆಗೆ ತಾನಾಗಿಯೇ ಚಾಚಿ ನಿಂತಿತು. ನಾನು ಸ್ಟೂಲಿನ ಮೇಲೆ ಕೂತೆ. ಹನ್ನೆರಡರ ಸುಮಾರಿಗೆ ಗಾಳಿ ಎದ್ದಿತು. ಬೀದಿಯಲ್ಲಿ ಧೂಳು, ತಗಡುಗಳ ಸದ್ದು. ಆಗ ನೂಲು ಇದ್ದಕ್ಕಿದ್ದಂತೆ ಸಡಿಲವಾಯಿತು.

ಸಡಿಲವಾಗಿ, ಜಗ್ಗು ಬರಲಿಲ್ಲ. ಕೈ ತೊಡೆಯ ಮೇಲೆ ಬಿತ್ತು. ಅದು ಎಷ್ಟು ಹೊತ್ತೆಂದು ಕೇಳಿದರೆ ಮೂರು ಉಸಿರಿನಷ್ಟಿರಬಹುದು, ಆದರೆ ನಾನು ಉಸಿರಾಡಿದ ನೆನಪಿಲ್ಲ. ಮತ್ತೆ ನೂಲು ಬಿಗಿಯಾಯಿತು. ಮೊದಲಿನ ಹಾಗಲ್ಲ, ಎಲ್ಲೋ ಸ್ವಲ್ಪ ಮೆತ್ತಗೆ. ಮೂರು ಗಂಟೆಗೆ ಸಡಿಲ ಬಿಟ್ಟು, ಒಂದು, ಎರಡು, ಮೂರು. ಎಲ್ಲ ಸರಿಯಿದೆ. ಮಹಾದೇವ ಅಲ್ಲೇ ಇದ್ದರು, ನನ್ನ ಮುಖ ನೋಡಿ ಗೋಡೆಗೆ ಹಣೆಯಿಟ್ಟು ಅತ್ತರು. ನಾನೂ ಅತ್ತೆ. ಅಳುತ್ತಿರುವಾಗಲೇ ನಾಲ್ಕನೆಯದೊಂದು ಬಂತು. ಅದು ಜಗ್ಗು ಅಲ್ಲ. ಒಂದು ನಡುಕ. ಹಲ್ಲಿಯ ಬಾಲ ಬೆರಳಿಗೆ ತಾಗಿದಷ್ಟು.

"ಇದೇನು? ನಡುಗಿದ್ದಕ್ಕೆ ಏನರ್ಥ?"

"ಗಾಳಿ ಇರಬೇಕು ಕಣೇ," ಅಂದರು ಮಹಾದೇವ.

ಮರುದಿನ ಗಾಳಿ ಪೂರ್ತಿ ನಿಂತಿತ್ತು, ಎಲೆ ಅಲ್ಲಾಡುತ್ತಿರಲಿಲ್ಲ. ನಡುಕ ಮಾತ್ರ ಪ್ರತಿ ಜಗ್ಗಿನ ಹಿಂದೆಯೂ ಬಂತು. ಹೊತ್ತು ಏರಿದಂತೆ ಹೆಚ್ಚಾಯಿತು. ಮುಕ್ತಾಗೆ ಚಳಿಜ್ವರವೇ? ಫಿಟ್ಸ್ ಬರುತ್ತಿದೆಯೇ? ಮಂಚ ನಡುಗಿದರೆ ನೂಲೂ ನಡುಗುತ್ತದಲ್ಲವೇ? ಒಂದಕ್ಕೆ ಒಂದು, ಎರಡಕ್ಕೆ ಎರಡು ಎಂದು ಓದಿಕೊಂಡಿದ್ದ ನನಗೆ ಈ ನಡುಕವನ್ನು ಓದಲು ಬರಲಿಲ್ಲ.

ಹಸೀನಾಬಿ ಟೇಲರಿಂಗ್ ಮಾಡುವವಳು, ನನ್ನದೇ ವಯಸ್ಸು, ಬಾಯಿ ಬಿಟ್ಟರೆ ನಿಲ್ಲಿಸುವವಳಲ್ಲ. ಅಂದು ಬೆಳಗ್ಗೆ ಚಪಾತಿ ಹಿಟ್ಟು ನಾದಿಕೊಡಲು ಬಂದವಳು ತಲೆಯೆತ್ತಲೇ ಇಲ್ಲ.

"ಹಸೀನಾ, ನಿನ್ನ ತಾರಸಿ ಮೇಲೆ ನನ್ನ ನೂಲು ಸರಿಯಿದೆಯೇನೇ?"

"ನನ್ನದರ ಮೇಲೆ ಸರಿಯಾಗೇ ಐತೆ."

"ನಿನ್ನದರ ಮೇಲೆ ಅಂದರೆ?"

"ದಾಕ್ಷಾಯಿಣಿ, ಹಿಟ್ಟು ಒಣಗುತ್ತೆ, ಬಟ್ಟೆ ಮುಚ್ಚು," ಎಂದು ಕೈ ತೊಳೆದುಕೊಂಡು ಹೊರಟೇಬಿಟ್ಟಳು. ಹೊರಡುವಾಗ ಅವಳ ಸೆರಗಿನಲ್ಲಿ ಒಂದು ಸಣ್ಣ ಡಬ್ಬಿ ಕಂಡಿತು, ಯಾರಿಗೋ ಊಟ ಒಯ್ಯುವ ಹಾಗೆ. ಸಂಜೆ ಪದ್ಮರಾಜಯ್ಯ ಮೇಷ್ಟ್ರು ಬಾಗಿಲ ಮುಂದೆ ಹಾದು ಹೋದರು. ನಾನು ಬಲಗೈ ಎದೆಗಿಟ್ಟು ನಿಂತೆ. ದಿನವೂ "ಹೇಗಿದಾಳಮ್ಮ ನಮ್ಮ ಹುಡುಗಿ?" ಎಂದು ಕೇಳುವವರು ಕೆಮ್ಮಿ, ಕೊಡೆ ಬಿಚ್ಚಿ, ಅದರ ಮರೆಯಲ್ಲಿ ಸರಿದು ಹೋದರು. ಮಳೆಯೂ ಇಲ್ಲ, ಬಿಸಿಲೂ ಇಲ್ಲ.

ಇವರಿಗೆಲ್ಲ ಏನೋ ಗೊತ್ತಿದೆ. ನನಗೊಬ್ಬಳಿಗೆ ಹೇಳುತ್ತಿಲ್ಲ.

ಮಾರನೆಯ ದಿನ ಮಹಾದೇವ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಕಿಟಕಿಯಲ್ಲಿ ಕೂತಿದ್ದೆ. ಬೀದಿಯ ಮೇಲಿನ ತಿರುವಿನಲ್ಲಿ ಸಿದ್ದಪ್ಪ ಕಾಣಿಸಿದ. ಹೆಗಲ ಮೇಲೆ ಏಣಿ ಇರಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ.

ಬೇರೆ ಯಾರದೋ ಮನೆಗಿರಲಿ ಎಂದುಕೊಂಡೆ. ನಿಜ ಹೇಳುತ್ತೇನೆ, ಹಾಗೆಯೇ ಅಂದುಕೊಂಡೆ. ಬೇರೆ ಯಾರದೋ ಮಗು ಆಗಿರಲಿ ಎಂದು ಬೇಡಿಕೊಂಡ ಪಾಪವನ್ನು ಈಗಲೂ ನೆನೆದರೆ ಮೈ ಬಿಸಿಯಾಗುತ್ತದೆ. ಸಿದ್ದಪ್ಪ ಹಸೀನಾಬಿಯ ಮನೆ ದಾಟಿದ. ನೀಲಕ್ಕನ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಟ್ಟು, ಒಳಗೆ ಹೋದ.

ಮನೆತನದ ಹಿರಿಯಳ ಬಳಿಗೆ.

ನೂಲನ್ನು ಬೆರಳಿನಿಂದ ಕಿತ್ತು ಕಿಟಕಿಯ ಸರಳಿಗೆ ಸಿಕ್ಕಿಸಿದೆ. ತಾಯಿ ನೂಲು ಬಿಚ್ಚಬಾರದು, ಆದರೆ ಬಿಚ್ಚಿದೆ. ಬರಿಗಾಲಲ್ಲಿ ಓಡಿದೆ. ಅವಳು ಎದ್ದು ನನ್ನ ಬಾಗಿಲಿಗೆ ಬಂದು, ಆ ಮುಖ ಹೊತ್ತು ನನ್ನೆದುರು ನಿಲ್ಲುವುದು ಬೇಡ, ಹೇಳುವುದಿದ್ದರೆ ಅವಳ ಮನೆಯಲ್ಲೇ ಹೇಳಿಬಿಡಲಿ. ಆರು ವರ್ಷದಿಂದ ಕಾಲಿಡದ ಮನೆ. ಒಳಗೆ ಯಾರೂ ಇರಲಿಲ್ಲ. ಮೇಲಿನಿಂದ ಮಾತು ಕೇಳಿಸಿತು. ಮೆಟ್ಟಿಲನ್ನು ಕೈಯೂರಿಕೊಂಡೇ ಹತ್ತಿದೆ.

ನೀಲಕ್ಕ ತಾರಸಿಯ ನಡುವೆ ಒಂದು ಮಣೆಯ ಮೇಲೆ ಕೂತಿದ್ದಳು. ತಲೆಗೆ ಒದ್ದೆ ಟವೆಲ್ಲು. ಎರಡು ಕೈಗಳನ್ನೂ ಮುಂದೆ ಚಾಚಿದ್ದಳು, ನೂಲಿನ ಲಡಿ ಹಿಡಿದವರ ಹಾಗೆ. ಗುಡ್ಡದ ಕಡೆಯಿಂದ ಬಂದ ನೂಲು ಅವಳ ಎಡಗೈ ಬೆರಳಿಗೆ ಸುತ್ತಿತ್ತು. ನಮ್ಮ ಮನೆಯ ಕಡೆಗೆ ಹೋಗುವ ನೂಲು ಬಲಗೈ ಬೆರಳಿಗೆ. ನಡುವೆ ಗೇಣುದ್ದದ ಜಾಗದಲ್ಲಿ ಏನೂ ಇರಲಿಲ್ಲ. ಅವಳ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು, ಮತ್ತು ಸಣ್ಣಗೆ, ಬಿಡದೆ, ನಡುಗುತ್ತಿದ್ದವು.

ಅವಳೇ ಮೊದಲು ಮಾತಾಡಿದಳು. "ಯಾಕೆ ಹಾಗೆ ನಿಂತಿದ್ದೀಯ? ನೂಲಿಗೆ ಅಡ್ಡ ಬರಬೇಡ, ಆ ಕಡೆ ಸರಿ."

"ಅಕ್ಕ... ಮುಕ್ತಾ..."

"ಮುಕ್ತಾಗೇನು? ಈಗ ತಾನೇ ಎರಡು ಬಂತು, ಹಾಲು ಕುಡಿದಿದಾಳೆ. ನಿನಗೆ ಕಳಿಸಿದೆನಲ್ಲ? ಉತ್ತರ ಕೊಡದೆ ಎಲ್ಲಿ ಹಾಳಾಗಿ ಹೋದಳು ಇವಳು ಅಂತ ನೋಡ್ತಿದ್ದೆ. ಇಲ್ಲಿ ಬಂದು ಕಂಬದ ಹಾಗೆ ನಿಂತಿದಾಳೆ!"

ಸಿದ್ದಪ್ಪನಿಗೆ ನನ್ನ ಮುಖ ನೋಡಿ ಅರ್ಥವಾಯಿತು. ಹೆಗಲ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಯ್ಯೋ ತಾಯಿ, ಏಣಿ ಇಲ್ಲ ಅಂತ ಹೆದರಿಬಿಟ್ರಾ? ಈ ಮನೆಗೆ ಮೆಟ್ಟಿಲಿದೆಯಲ್ಲ, ಸುಮ್ಮನೆ ಯಾಕೆ ಹೊರೋದು ಅಂತ ಮೇಲಿನ ಬೀದೀಲೇ ಬಿಟ್ಟು ಬಂದೆ. ಇಪ್ಪತ್ತು ವರ್ಷದಲ್ಲಿ ಇಂಥ ತಪ್ಪು ಮಾಡಿರಲಿಲ್ಲ. ಕಾಲಿಗೆ ಬೀಳ್ತೀನಿ."

ನಾನು ಅವಳ ಮಣೆಯ ಪಕ್ಕದಲ್ಲೇ ಕೂತೆ.

ಆಮೇಲೆ ತುಂಡು ತುಂಡಾಗಿ ತಿಳಿಯಿತು. ಆಪರೇಷನ್ನಿನ ದಿನದ ಗಾಳಿಗೆ ಊರಿನಲ್ಲಿ ಒಂಬತ್ತು ನೂಲು ಕಿತ್ತಿದ್ದವು. ಸಿದ್ದಪ್ಪ ಒಬ್ಬನೇ, ಒಂದೊಂದಕ್ಕೂ ಅರ್ಧ ದಿನ. ಗಂಟು ಹಾಕಿ ಕೂಡಿಸುವಂತಿಲ್ಲ, ಗಂಟಿಗೆ ಸಿಕ್ಕಿದ ಜಗ್ಗು ಅಲ್ಲೇ ನಿಂತುಬಿಡುತ್ತದೆ. ಎಳೆ ಎಳೆ ಬಿಡಿಸಿ ಹೊಸೆಯಬೇಕು. ಅಂದು ನೀಲಕ್ಕ ಬೆಳಗಿನಿಂದಲೂ ಕವೆಗೋಲಿನ ಪಕ್ಕದಲ್ಲೇ ಕೂತಿದ್ದಳಂತೆ, ಗಾಳಿ ಬರುವುದಕ್ಕೆ ಮೊದಲೇ. ನೂಲು ಕಿತ್ತು ಹಾರಿದ್ದನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟಳು. ಆವತ್ತಿನಿಂದ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ. ಬೆಳಕು ಹರಿದಾಗಿನಿಂದ ಹೊತ್ತು ಮುಳುಗುವವರೆಗೆ. ಕತ್ತಲಾದ ಮೇಲೆ ತುದಿಗಳನ್ನು ಎರಡು ಕಲ್ಲುಗಳಿಗೆ ಸುತ್ತಿಟ್ಟು ಕೈಗೆ ಬಿಸಿನೀರಿನ ಶಾಖ ಕೊಡುತ್ತಿದ್ದಳು. ಹಸೀನಾಬಿ ಬಂದು ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಸಿದ್ದಪ್ಪನಿಗೆ ಹೇಳಿ ಕಳಿಸಿದ್ದು ಮೇಷ್ಟ್ರು. ದಾಕ್ಷಾಯಿಣಿಗೆ ಮಾತ್ರ ಯಾರೂ ಬಾಯಿ ಬಿಡಕೂಡದೆಂದು ನೀಲಕ್ಕ ಆಣೆ ಹಾಕಿಸಿಕೊಂಡಿದ್ದಳು.

"ಯಾಕೆ ಅಕ್ಕ? ನನಗೆ ಒಂದು ಮಾತು ಹೇಳಿ ಕಳಿಸಿದ್ದರೆ..."

"ಹೇಳಿ ಕಳಿಸಿದ್ರೆ ಹೀಗೇ ನೂಲು ಕಿತ್ತೆಸೆದು ಓಡಿ ಬರ್ತಿದ್ದೆ. ಅಷ್ಟು ಹೊತ್ತು ಆ ಮಗುಗೆ ಉತ್ತರ ಯಾರು ಕೊಡೋರು? ನಿನ್ನೆ ಮಧ್ಯಾಹ್ನ ನಿನಗೆ ನಿದ್ದೆ ಹತ್ತಿತ್ತು ತಾನೇ? ಎರಡು ಸಲ ಕಳಿಸಿದೆ, ನಿನ್ನ ಕಡೆಯಿಂದ ಸುದ್ದಿಯಿಲ್ಲ. ಕೊನೆಗೆ ನಾನೇ ಜಗ್ಗಿದೆ ಮೇಲಕ್ಕೆ." ಮತ್ತೆ ಅಂದಳು, "ಬೇರೆಯವರ ನೂಲಿಗೆ ಬೆರಳಿಟ್ಟಿದೀನಿ. ಬೇಕಾದ್ರೆ ಊರಿಗೆಲ್ಲ ದೂರು ಹೇಳು."

"ಅರ್ಧ ದಿನ ಕಾದರೆ ನನಗೇನಾಗುತ್ತಿತ್ತು, ಸಿದ್ದಪ್ಪ ಬಂದು ಕೂಡಿಸುತ್ತಿದ್ದ," ಅಂದೆ. ಸೌಜನ್ಯಕ್ಕೆ ಅಂದದ್ದು. ಬಾಯಿಂದ ಹೊರಬಿದ್ದ ಮೇಲೆ ನಾನು ಏನಂದೆನೆಂದು ನನಗೇ ಕೇಳಿಸಿತು.

ನೀಲಕ್ಕ ನನ್ನ ಕಡೆ ತಿರುಗಿ ನೋಡಲಿಲ್ಲ. ಗುಡ್ಡದ ಕಡೆಗೇ ನೋಡುತ್ತ ಹೇಳಿದಳು. "ಅರ್ಧ ದಿನದಲ್ಲಿ ಏನಾಗುತ್ತೆ ಅಂತ ನನಗೆ ಗೊತ್ತು. ಸುಗುಣನಿಗೆ ಹೊಲಿಸಿದ್ದ ಹೊಸ ಲಂಗವನ್ನ ಯಾರಿಗೆ ಕೊಡೋದು ಅಂತ ಯೋಚನೆ ಮಾಡಿದ್ದೆ ಆವತ್ತು. ತಾಯಿಯಾಗಿ ಅದನ್ನ ಯೋಚನೆ ಮಾಡಿಬಿಟ್ಟಿದ್ದೆ. ಮಗಳು ಮನೆಗೆ ಬಂದ ಮೇಲೂ ಆ ಲಂಗ ನೋಡಿದ್ರೆ ಆಗ್ತಿರಲಿಲ್ಲ. ನಿನಗೆ ಅದು ಬೇಡ ಅನ್ನಿಸ್ತು, ಅಷ್ಟೇ."

ಐದು ನಿಮಿಷದ ಹಿಂದೆ, ಕಿಟಕಿಯಿಂದ ಈ ತಾರಸಿಯವರೆಗಿನ ದಾರಿಯಲ್ಲಿ, ನಮ್ಮ ಬಾಗಿಲ ಬಳಿ ಇದ್ದ ಮುಕ್ತಾಳ ಸ್ಲೇಟನ್ನು ನಾನು ನೋಡಿದ್ದೆ. ಅದನ್ನು ಎಲ್ಲಿ ಬಚ್ಚಿಡುವುದೆಂದು ಯೋಚಿಸಿದ್ದೆ. ಇಷ್ಟು ಸಣ್ಣ ಬೀದಿಯಲ್ಲಿ, ಇಷ್ಟು ಹೊತ್ತಿನಲ್ಲಿ. ಅವಳದು ಅರ್ಧ ದಿನ.

"ಅಕ್ಕ, ಆ ಕಲ್ಲು ನಾನೇ ಇಟ್ಟಿದ್ದು. ಕೆಳಗೆ ನೂಲಿದ್ದದ್ದು ನನಗೆ ಕಂಡಿತ್ತು."

"ಗೊತ್ತು."

"ಗೊತ್ತಾ?"

"ಇನ್ನೇನು ಮತ್ತೆ? ಸೀರೆ ಗಾಳಿಗೆ ಹಾರಿ ಬಿತ್ತು ಅಂದೆ, ಸರಿ. ಕಲ್ಲೂ ಗಾಳಿಗೆ ಹಾರಿ ಬಂತಾ? ನಾನೇನು ಹಾಲು ಕುಡಿಯೋ ಮಗುವಾ? ಬಸುರಿ, ಸುಸ್ತಾಗಿತ್ತು, ಅದೂ ಗೊತ್ತು. ಆರು ವರ್ಷ ಕಾದೆ ಕಣೇ, ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ. ನಿನ್ನ ಕಲ್ಲಿಗಿಂತ ನಿನ್ನ ಬಾಯಿ ಭಾರ."

ಸಿದ್ದಪ್ಪ ತಾರಸಿಯ ಅಂಚಿಗೆ ಹೋಗಿ ಏನನ್ನೋ ಹುಡುಕುವವನಂತೆ ಬಗ್ಗಿದ. ನಾನು ಅವಳ ಪಾದ ಮುಟ್ಟಲು ಹೋದೆ. ಅಷ್ಟರಲ್ಲಿ ಅವಳ ಎಡಗೈ ಧಡಕ್ಕನೆ ಮುಂದಕ್ಕೆ ಹೋಯಿತು. ಮಣೆಯಿಂದ ಬೀಳುವ ಹಾಗಾಯಿತು.

"ಅಯ್ಯಯ್ಯೋ! ದಾದಿ ಅಲ್ಲ ಇದು! ಎಳೀತಿದಾಳೆ ನೋಡೇ ಕತ್ತೆ!"

ಒಂದಲ್ಲ, ಎರಡಲ್ಲ, ಮೂರಲ್ಲ. ಎಣಿಕೆಯಿಲ್ಲ. ನೂಲು ಕುಣಿಯುತ್ತಿತ್ತು. ಬಾವಿಯಿಂದ ನೀರು ಸೇದುವವರ ಹಾಗೆ, ತೇರೆಳೆಯುವವರ ಹಾಗೆ, ಬಿಟ್ಟು ಬಿಟ್ಟು, ಹಿಡಿದು ಹಿಡಿದು. "ಹಿಡಿ, ಹಿಡಿ, ನಿನ್ನದು, ಹಿಡಿ!" ಎಂದು ನೀಲಕ್ಕ ಕೂಗುತ್ತಿದ್ದಳು. ಬೆರಳು ಮರಗಟ್ಟಿದ್ದರಿಂದ ಸುತ್ತು ಬಿಡಿಸಿ ಕೊಡಲು ಅವಳಿಗೆ ಬರಲಿಲ್ಲ. ನಾನು ಅವಳ ಇಡೀ ಕೈಯನ್ನೇ ನನ್ನ ಎರಡು ಕೈಗಳಲ್ಲಿ ಹಿಡಿದೆ. ಆ ಕೈಯೊಳಗಿನಿಂದ ನನ್ನ ಮಗಳು ಜಗ್ಗಿದಳು. ನಾವಿಬ್ಬರೂ ಕೂಡಿ ಗಟ್ಟಿಯಾಗಿ, ಮುಕ್ತಾ ಹೇಳಿದಷ್ಟು ಗಟ್ಟಿಯಾಗಿ, ಒಂದು ಸಲ ಮೇಲಕ್ಕೆ ಜಗ್ಗಿದೆವು. ಪಕ್ಕದ ತಾರಸಿಯಲ್ಲಿ ಯಾವಾಗ ಬಂದು ನಿಂತಿದ್ದಳೋ ಹಸೀನಾಬಿ ಸೆರಗು ಬಾಯಿಗಿಟ್ಟು ಅಳುತ್ತಿದ್ದಳು. ಅಳುತ್ತಲೇ, "ಮೂರು ದಿನ ಬಾಯಿ ಮುಚ್ಕೊಂಡು ನನಗೆ ಹೊಟ್ಟೆ ಉಬ್ಬರ ಬಂದೈತೆ," ಅಂದಳು.

ಎಂಟು ದಿನ ಕಳೆದು ಮುಕ್ತಾ ಮನೆಗೆ ಬಂದಳು. ಎದೆಯ ಮೇಲೊಂದು ಉದ್ದ ಗೆರೆ, ತುಟಿಗೆ ಬಣ್ಣ. ಬಂದವಳು ಮೊದಲು ನನ್ನ ಬೆರಳು ಹಿಡಿದು ನೂಲಿನ ಗುರುತು ನೋಡಿದಳು. ಆಮೇಲೆ ಅಪ್ಪನ ತೊಡೆಯೇರಿ ಕೂತು, "ಅಮ್ಮ ಎರಡು ಥರ ಜಗ್ತಿದ್ದಳು," ಎಂದಳು.

"ಎರಡು ಥರ ಅಂದರೆ?" ಕೇಳಿದರು ಮಹಾದೇವ.

"ಒಂದು, ಬೇಗ ಬೇಗ ಕೆಲಸ ಇದ್ದ ಹಾಗೆ. ಇನ್ನೊಂದು, ನಿಧಾನಕ್ಕೆ. ಗೆಜ್ಜೆ ತುಂಬ ಹೊತ್ತು ಅಲ್ಲಾಡ್ತಿತ್ತು. ನಂಗೆ ನಿದ್ದೆ ಬರ್ತಿತ್ತು ಅದಕ್ಕೆ."

ಕೈ ಜೋಡಿಸುವ ದಿನ ಮುಕ್ತಾಳನ್ನು ಕರೆದುಕೊಂಡೇ ಹೊರಟೆ. ಮೇಷ್ಟ್ರು ಕೊಡೆಯ ವಿಷಯ ಎತ್ತಬಾರದೆಂದು ಕಣ್ಣಲ್ಲೇ ಬೇಡಿಕೊಂಡರು. ಹಸೀನಾಬಿ ನಮಸ್ಕಾರ ಮುಗಿಯುವಷ್ಟರಲ್ಲಿ ಮುಕ್ತಾಗೆ ಒಂದು ಫ್ರಾಕಿನ ಅಳತೆ ತೆಗೆದುಬಿಟ್ಟಳು. ನೀಲಕ್ಕನ ತಾರಸಿಗೆ ಹತ್ತುವಾಗ ನನ್ನ ಕೈಯಲ್ಲಿ ಸಂಡಿಗೆಯ ಡಬ್ಬಿಯಿತ್ತು. ಅದನ್ನು ಕೆಳಗಿಟ್ಟು, ಕವೆಗೋಲಿನೆದುರು ನಿಂತು ಎರಡೂ ಕೈ ಜೋಡಿಸಿದೆ. ಎಷ್ಟು ಹೊತ್ತು ನಿಂತೆನೋ, ಇಳಿಸಲು ಮನಸ್ಸಾಗಲಿಲ್ಲ.

"ಸಾಕು ಬಿಡೇ, ದೇವರ ಮುಂದೆ ನಿಂತ ಹಾಗೆ," ಅಂದಳು ನೀಲಕ್ಕ. ಅವಳ ಎರಡು ಕೈಗೂ ಎಣ್ಣೆ ಹಚ್ಚಿ ಬಟ್ಟೆ ಸುತ್ತಿತ್ತು. ಮುಕ್ತಾ ಆ ಬಟ್ಟೆ ಸುತ್ತಿದ ಕೈಯನ್ನು ಹಿಡಿದು ಸುಮ್ಮನೆ ಒಂದು ಸಲ ಜಗ್ಗಿದಳು. ನೀಲಕ್ಕ ನಿಧಾನಕ್ಕೆ ತಿರುಗಿ ಜಗ್ಗಿದಳು. ಮುಕ್ತಾ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಯಿತು.

ಇದಾಗಿ ಒಂದು ವಾರಕ್ಕೆ, ಬೆಳಗ್ಗೆ ಅಕ್ಕಿ ಹಿಟ್ಟಿನ ಅಂಬಲಿ ಕಾಯಿಸುತ್ತಿದ್ದೆ. ಹೊರಗೆ ಯಾರೋ ಏಣಿ ಹತ್ತುವ ಸದ್ದು. ನಮ್ಮ ಮನೆಗೆ ಮೆಟ್ಟಿಲಿಲ್ಲ, ಬಿದಿರಿನ ಏಣಿ. ಓಡಿ ಹೋಗಿ ನೋಡಿದರೆ ನೀಲಕ್ಕ ಸೆರಗು ಸಿಕ್ಕಿಸಿಕೊಂಡು ಅರ್ಧ ಹತ್ತಿದ್ದಾಳೆ. ಬೆರಳು ಮಡಚಲು ಬಾರದೆ ಮೊಣಕೈಯಿಂದ ಏಣಿಯನ್ನು ಅಪ್ಪಿಕೊಂಡು ಹತ್ತುತ್ತಿದ್ದಾಳೆ.

"ಅಕ್ಕ, ಬೀಳ್ತೀಯ! ಏನು ಬೇಕು ಹೇಳು, ನಾನು ತಂದುಕೊಡ್ತೀನಿ!"

"ನೀನು ಸುಮ್ಮನೆ ಏಣಿ ಹಿಡಿ."

ನಾನು ಏಣಿ ಹಿಡಿದೆ. ಆಮೇಲೆ ಅವಳ ಹಿಂದೆಯೇ ಹತ್ತಿದೆ. ಅವಳು ಸಂಡಿಗೆಯ ಸೀರೆಯನ್ನು ದಾಟಿ, ಮೂಲೆಗೆ ಹೋಗಿ ನಿಂತಳು. ಎಲ್ಲಿ ನಿಲ್ಲಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕವೆಗೋಲಿನ ಮೇಲೆ ಅಂದು ಯಾರದೋ ಹೊಸ ನೂಲು ಹಾದಿತ್ತು, ಕೆಳಗಿನ ಬೀದಿಯ ಯಾವುದೋ ಮಗುವಿನದು. ಅದು ಒಂದು ಸಲ ಮೆಲ್ಲಗೆ ಅಲುಗಿತು. ಮಲಗಿರಬೇಕು. ನಾವಿಬ್ಬರೂ ಬೇರೆ ಕಡೆ ನೋಡಿದೆವು.

"ನನ್ನ ಸುಗುಣನ ನೂಲು ನಿನ್ನ ತಾರಸಿ ಮೇಲೆ ಹನ್ನೊಂದು ದಿನ ಇತ್ತು," ಎಂದಳು ನೀಲಕ್ಕ. "ಅರ್ಧ ದಿನ ಬಿಟ್ಟು, ಹತ್ತೂವರೆ ದಿನ ನೀನು ಕೋಲು ಬೀಳದ ಹಾಗೆ ನೋಡಿಕೊಂಡಿದ್ದೀಯ, ಆ ಹೊಟ್ಟೆ ಹೊತ್ತುಕೊಂಡು. ಅದಕ್ಕೆ ಕೈ ಜೋಡಿಸೋಕೆ ನಾನು ಬಂದಿರಲಿಲ್ಲ."

ಅವಳು ಕೈಗಳನ್ನು ಎತ್ತಿದಳು. ಬೆರಳುಗಳು ನೆಟ್ಟಗಾಗಲಿಲ್ಲ, ನೂಲು ಸುತ್ತಿದ್ದ ಹಾಗೆಯೇ ಬಾಗಿದ್ದವು. ಆ ಬಾಗಿದ ಬೆರಳುಗಳನ್ನು ಒಂದಕ್ಕೊಂದು ತಾಗಿಸಿ, ನಾನು ಕಲ್ಲಿಟ್ಟ ಜಾಗದಲ್ಲಿ ನಿಂತು, ನನಗೆ ನಮಸ್ಕಾರ ಮಾಡಿದಳು.